ಕಾರು ಗಿಟ್ಟಿತೋ ಇಲ್ಲವೋ? ನಾನು ಲೆಕ್ಕ ಹಾಕಿದ ರೀತಿ

2025ರ ಜುಲೈ 12ಕ್ಕೆ ನಾನು ಸೆಕೆಂಡ್ ಹ್ಯಾಂಡ್ ವ್ಯಾಗನ್ ಆರ್ ತಂದೆ. 2018ರ ಗಾಡಿ, ಕೆಎ-14 ನಂಬರು, ಪೆಟ್ರೋಲು, ಒಬ್ಬರೇ ಓನರು. ಓಡಿದ್ದು 41,000 ಕಿಲೋಮೀಟರ್. ಕೊಟ್ಟಿದ್ದು 3,35,000 ರೂಪಾಯಿ. ಸೆಪ್ಟೆಂಬರ್ 22ಕ್ಕೆ ಹೊಸ ಸಣ್ಣ ಕಾರುಗಳ ಜಿಎಸ್‌ಟಿ 18 ಪರ್ಸೆಂಟಿಗೆ ಇಳಿಯಿತು. ಆವತ್ತು ಸಂಜೆ ಭಾವ ಮನೆಗೆ ಬಂದವರು ಅಂಗಳದಲ್ಲೇ ನಿಂತು, "ಮೋಸ ಹೋದೆಯಲ್ಲೇ ಮಾರಾಯ್ತಿ, ಎರಡು ತಿಂಗಳು ತಡೀಬಾರದಿತ್ತಾ?" ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ತೀರ್ಥಹಳ್ಳಿ ಕಡೆಯ ಒಂದು ಸಹಕಾರ ಸಂಘದಲ್ಲಿ ಹದಿನೆಂಟು ವರ್ಷದಿಂದ ಲೆಕ್ಕ ಬರೆಯುವವಳು. ಮಾರನೇ ದಿನ ಒಂದು ಉದ್ದ ನೋಟ್‌ಬುಕ್ ತೆಗೆದು ಕಾರಿಗೊಂದು ಖಾತೆ ತೆರೆದೆ. ನೀವೂ ಈಚೆಗೆ ಕಾರು ತಂದು, ಜಾಸ್ತಿ ಕೊಟ್ಟೆನೇನೋ ಅಂತ ಒದ್ದಾಡುತ್ತಿದ್ದರೆ ಮೊದಲು ಅವರಿವರನ್ನು ಕೇಳುವುದು ಬಿಡಿ. ಒಂದು ಪುಸ್ತಕ ತಗೊಳ್ಳಿ. ಎಡಗಡೆ ಕೊಟ್ಟ ಬೆಲೆ ಬರೆಯಿರಿ. ಆ ಅಂಕಿ ಇನ್ನೂ ಪೂರ್ತಿಯಾಗಿಲ್ಲ.

ಮೊದಲು ಕಾಗದ

ಆರ್‌ಸಿ (ನೋಂದಣಿ ಪತ್ರ) ನಿಮ್ಮ ಹೆಸರಿಗೆ ಆಗುವ ತನಕ ವ್ಯಾಪಾರ ಮುಗಿದಿಲ್ಲ ಅಂತಲೇ ತಿಳಿಯಿರಿ. ಪರಿವಾಹನ್ ವೆಬ್‌ಸೈಟಿನಲ್ಲಿ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರು ಹಾಕಿ. ನೋಂದಣಿ ಯಾವತ್ತು ಆಗಿದೆ, ಇನ್ಶೂರೆನ್ಸ್ ಎಲ್ಲಿಯ ತನಕ ಇದೆ, ಸಾಲ ಇದೆಯಾ ಅಂತ ನೋಡಿ. ನನ್ನ ಕಾರಿನ ಸಾಲ ತೀರಿ ಮೂರು ವರ್ಷ ಆಗಿತ್ತು. ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಅದನ್ನು ತೆಗೆಸಲು, ಸಾಲ ತೀರಿದೆ ಅಂತ ಬರೆದುಕೊಡುವ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು. ಮಾರಿದವರ ಹತ್ತಿರ ಎನ್‌ಒಸಿ ಇತ್ತು, ಅದರ ಅವಧಿ ಯಾವಾಗಲೋ ಮುಗಿದಿತ್ತು. ಪಾಪ, ಅವರೇ ಬ್ಯಾಂಕಿಗೆ ಎರಡು ಸಲ ಹೋಗಿ ಹೊಸದು ತಂದುಕೊಟ್ಟರು. ಅವರು ಒಳ್ಳೆಯವರು, ನಿಜ. ಆದರೆ ಬೆಲೆಯಲ್ಲಿ 15,000 ರೂಪಾಯಿಯನ್ನು ಆರ್‌ಸಿ ಆದ ಮೇಲೆ ಕೊಡುತ್ತೇನೆ ಅಂತ ನಾನು ಮೊದಲೇ ಒಪ್ಪಿಸಿ ಬರೆಸಿಕೊಂಡಿದ್ದೆ. ಅದರಿಂದ ಕೆಲಸ ಬೇಗ ಆಯಿತು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇನ್ಶೂರೆನ್ಸ್ ವರ್ಗಾವಣೆಗೆ 14 ದಿನದೊಳಗೆ ಅರ್ಜಿ ಕೊಡಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಹಳೇ ಓನರು ಐದು ವರ್ಷ ಕ್ಲೇಮ್ ಮಾಡದೆ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್ (ಇನ್ಶೂರೆನ್ಸ್ ಕಂತಿನ ರಿಯಾಯಿತಿ) ಗಳಿಸಿರಬಹುದು. ಅದು ಅವರದ್ದು, ಕಾರಿನ ಜೊತೆ ಬರುವುದಿಲ್ಲ. ಆ ವ್ಯತ್ಯಾಸವನ್ನು ನಾವು ಕಟ್ಟಬೇಕು. ನನಗೆ 2,100 ಬಂತು. ಆರ್‌ಟಿಒ ಶುಲ್ಕ, ಏಜೆಂಟ್, ಓಡಾಟ ಎಲ್ಲಾ ಸೇರಿ 3,200. ಎರಡೂ ಪುಸ್ತಕಕ್ಕೆ ಹೋದವು. ಬಾಕಿ ಟ್ರಾಫಿಕ್ ದಂಡವನ್ನೂ ನಂಬರು ಹಾಕಿ ನೋಡಿ. ಹಳೇ ಓನರಿನ ಫಾಸ್ಟ್ಯಾಗ್ ತೆಗೆಸಿ ನಿಮ್ಮದು ಹಾಕಿಸಿ.

ನಮ್ಮ ಆಫೀಸಿನ ಒಬ್ಬರು ಹಿಂದೆ ದೆಹಲಿ ನಂಬರಿನ ಡೀಸೆಲ್ ಕಾರು ತಂದಿದ್ದರು. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವ ಹಾಗಿಲ್ಲ ಅಂತ ಆದೇಶ ಬಂದಿದ್ದರಿಂದ, ಆ ವಯಸ್ಸಿನ ಹತ್ತಿರ ಬಂದ ಗಾಡಿಗಳು ಆಗ ಅಗ್ಗಕ್ಕೆ ಸಿಗುತ್ತಿದ್ದವು. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತರಿಸಿ, ಇಲ್ಲಿ ಮತ್ತೆ ನೋಂದಣಿ ಮಾಡಿಸಿ, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟುವಷ್ಟರಲ್ಲಿ ಆ ಅಗ್ಗ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಹೊರ ರಾಜ್ಯದ ಗಾಡಿ ತಂದಿದ್ದರೆ ಈ ತೆರಿಗೆಯನ್ನು ಬೆಲೆಗೆ ಸೇರಿಸಿಯೇ ಮಾತಾಡಿ.

ಆಮೇಲೆ ಗಾಡಿ

ಮಾರಿದವರಿಗೆ ಪರಿಚಯ ಇಲ್ಲದ ಮೆಕ್ಯಾನಿಕ್ ಹತ್ತಿರ ಹೋಗಿ, ಲಿಫ್ಟ್ ಮೇಲೆ ಏರಿಸಿ ನೋಡಿಸಿ. ಕೊಳ್ಳುವ ಮೊದಲೇ ನೋಡಿಸಬೇಕಿತ್ತು ಅಂತ ಅನಿಸಿದರೂ ಪರವಾಗಿಲ್ಲ. ಮೊದಲ ವಾರದಲ್ಲಿ ನೋಡಿಸಿದರೂ ಉಪಯೋಗ ಇದೆ. ನೀವೂ ಪಕ್ಕದಲ್ಲೇ ನಿಂತಿರಿ.

ಟೈರಿನ ಪಕ್ಕೆಯಲ್ಲಿ ಡಿಒಟಿ ಅಂತ ಶುರುವಾಗುವ ಗುರುತು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ಟೈರು ತಯಾರಾದ ವಾರ ಮತ್ತು ವರ್ಷ. ನನ್ನ ನಾಲ್ಕೂ ಟೈರಿನಲ್ಲಿ 4717 ಅಂತ ಇತ್ತು. ಅಂದರೆ 2017ರ 47ನೇ ವಾರ. ಇದರಿಂದ ಎರಡು ವಿಷಯ ಗೊತ್ತಾದವು. ಟೈರಿನ ಬಟನ್ ಇನ್ನೂ ಇದ್ದರೂ ರಬ್ಬರು ಗಟ್ಟಿಯಾಗಿ ಪಕ್ಕೆಯಲ್ಲಿ ಸೀಳು ಬಿಟ್ಟಿತ್ತು, ಮಳೆಗಾಲದ ರಸ್ತೆಗೆ ಆಗದು. ಹಾಗೆಯೇ, ಕಂಪನಿಯಿಂದ ಬಂದ ಟೈರೇ ಇನ್ನೂ ಇಷ್ಟು ಉಳಿದಿದೆ ಅಂದರೆ 41,000 ಅನ್ನುವ ಮೀಟರು ಸುಳ್ಳಲ್ಲ. ನನಗೆ ಆ ಕ್ಷಣ ತುಂಬಾ ಸಮಾಧಾನ ಆಯಿತು. ಮೀಟರ್ ತಿರುಗಿಸಿದ ಗಾಡಿಯಲ್ಲಿ ಪೆಡಲಿನ ರಬ್ಬರು ಸವೆದಿರುತ್ತದೆ, ಸ್ಟೇರಿಂಗ್ ಹೊಳೆಯುತ್ತಿರುತ್ತದೆ, ಡ್ರೈವರ್ ಸೀಟಿನ ಅಂಚು ಕುಸಿದಿರುತ್ತದೆ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹಳೇ ಸರ್ವಿಸ್ ದಾಖಲೆಯನ್ನೂ ಕೇಳಿ. ಪ್ರತಿ ಸಲದ ಕಿಲೋಮೀಟರ್ ಅದರಲ್ಲಿ ಬರೆದಿರುತ್ತದೆ. ನನ್ನದರಲ್ಲಿ ಕೊನೆಯದು 38,600.

ನೀರಲ್ಲಿ ಮುಳುಗಿದ ಗಾಡಿಯಾ ಅಂತಲೂ ನೋಡಿ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನಲ್ಲಿ ಎಷ್ಟು ಕಾರು ನೀರು ಕುಡಿದವು, ನೆನಪಿದೆ ಅಲ್ವಾ? ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ. ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಅನುಮಾನ ಪಡಿ. ಸೀಟಿನ ಕೆಳಗಿನ ಬೋಲ್ಟ್ ತುಕ್ಕು ಹಿಡಿದಿದೆಯಾ ನೋಡಿ, ಮ್ಯಾಟ್ ಎತ್ತಿ ಮೂಸಿ ನೋಡಿ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಉಪ್ಪು ಗಾಳಿಗೆ ತಳದ ತಗಡು ತಿಂದಿರಬಹುದು. ನಮ್ಮ ಮಲೆನಾಡಿನ ಗಾಡಿಗಳಿಗೂ ಈ ತಾಪತ್ರಯ ಇದ್ದದ್ದೇ.

ನನ್ನ ಕಾರಿನಲ್ಲಿ ಸಿಕ್ಕಿದ್ದು ಸವೆದ ಕ್ಲಚ್. ಹಳೇ ಓನರು ವಾರ ವಾರ ಆಗುಂಬೆ ಘಾಟಿ ಹತ್ತಿ ಇಳಿಯುತ್ತಿದ್ದರು, ಹಾಗಾಗಿ ಆಶ್ಚರ್ಯ ಆಗಲಿಲ್ಲ. ಖಾತೆಯಲ್ಲಿ ಹೀಗೆ ಬರೆದೆ: ನಾಲ್ಕು ಟೈರು 14,800. ಕ್ಲಚ್ ಕೂಲಿ ಸೇರಿ 7,600. ಬ್ಯಾಟರಿ 4,200. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಸೇರಿ ಸರ್ವಿಸ್ 4,900. ವೈಪರ್, ಬಾಗಿಲ ರಬ್ಬರ್, ಚಿಲ್ಲರೆ 1,300. ಕಾಗದದ ಖರ್ಚು 5,300. ಒಟ್ಟು 38,100.

ಹಾಗಾದರೆ ನನ್ನ ಕಾರಿನ ಬೆಲೆ 3,35,000 ಅಲ್ಲವೇ ಅಲ್ಲ, 3,73,100. ಎಲ್ಲಾ ಹೋಲಿಕೆಯನ್ನೂ ಈ ಅಂಕಿಯಿಂದಲೇ ಮಾಡಬೇಕು. ನೀವು ತಂದಿದ್ದು ಹೊಸ ಟೈರು, ಹೊಸ ಬ್ಯಾಟರಿ ಇದ್ದ ಗಾಡಿಯಾಗಿದ್ದರೆ ನನಗಿಂತ 20,000 ಜಾಸ್ತಿ ಕೊಟ್ಟಿದ್ದರೂ ನಿಮ್ಮದು ನಷ್ಟದ ವ್ಯಾಪಾರ ಅಲ್ಲ.

ಯಾವುದರ ಜೊತೆ ಹೋಲಿಸಬೇಕು

ಅದೇ ವರ್ಷ, ಅದೇ ಮಾಡೆಲ್, ಅದೇ ಓನರ್ ಸಂಖ್ಯೆ, ಹೆಚ್ಚುಕಡಿಮೆ ಅದೇ ಕಿಲೋಮೀಟರ್ ಇರುವ ಗಾಡಿಗಳ ಜೊತೆ, ಅದೇ ತಿಂಗಳಲ್ಲಿ. ಜುಲೈಯಲ್ಲಿ ನಾನು ನೋಡಿದ್ದ ಮೂರು ಗಾಡಿಗಳ ರೇಟು ಬರೆದಿಟ್ಟುಕೊಂಡಿದ್ದೆ. ಒಂದು 3,20,000, ಆದರೆ ಮೂರನೇ ಓನರು. ಇನ್ನೊಂದು 3,60,000, ಓಡಿದ್ದು 63,000. ಮತ್ತೊಂದು ಡೀಲರ್ ಹತ್ತಿರ, ಆರು ತಿಂಗಳ ವಾರಂಟಿ ಜೊತೆ 3,75,000. ಇವೆಲ್ಲ ಕೇಳುವ ಬೆಲೆ. ಕುಳಿತು ಚೌಕಾಸಿ ಮಾಡಿದರೆ ಹತ್ತು ಹದಿನೈದು ಸಾವಿರ ಇಳಿಯುತ್ತದೆ. ಆ ತಿಂಗಳ ಸಂತೆಯಲ್ಲಿ ನನ್ನದು ಸರಿಯಾದ ಬೆಲೆ. ತುಂಬಾ ಅಗ್ಗ ಅಂತೇನೂ ಅಲ್ಲ.

ಇನ್ನು ಭಾವನ ಮಾತು. ಜಿಎಸ್‌ಟಿ ಇಳಿದ ಮೇಲೆ ಹೊಸ ವ್ಯಾಗನ್ ಆರ್‌ನ ಶೋರೂಂ ಬೆಲೆ 4,98,900ರಿಂದ ಶುರುವಾಯಿತು. ಅದರ ಮೇಲೆ ನಮ್ಮಲ್ಲಿ 13 ಪರ್ಸೆಂಟ್ ಜೀವಾವಧಿ ತೆರಿಗೆ, ಅಂದರೆ 65,000ದ ಹತ್ತಿರ. ಆಮೇಲೆ ಸೆಸ್ಸು, ಇನ್ಶೂರೆನ್ಸು. ರಸ್ತೆಗೆ ಇಳಿಯುವಾಗ ಸುಮಾರು 6 ಲಕ್ಷ. ಪೇಪರಿನಲ್ಲಿ ಬಂದ ಬೆಲೆ ನೋಡಿ ಸಂಕಟ ಪಡುವವರು ಈ ಆನ್ ರೋಡ್ ಅಂಕಿ ನೋಡಬೇಕು. ಹೊಸದು ಇಳಿದ ಮೇಲೆ ಹಳೇ ಗಾಡಿಗಳ ರೇಟೂ ಇಳಿಯಿತು, ಅದು ಖರೆ. ಅಕ್ಟೋಬರಿನಲ್ಲಿ ನನ್ನಂಥದ್ದೇ ಕಾರಿಗೆ ಕೇಳುವ ಬೆಲೆ 25,000 ಕಡಿಮೆ ಇತ್ತು.

ಹಾಗಾದರೆ ಕಾದಿದ್ದರೆ 25,000 ಉಳಿಯುತ್ತಿತ್ತಾ? ಅದಕ್ಕೂ ಲೆಕ್ಕ ಇದೆ. ಅಪ್ಪನಿಗೆ ಪಾರ್ಶ್ವವಾಯು ಆಗಿ, ವಾರಕ್ಕೆ ಎರಡು ಸಲ ಶಿವಮೊಗ್ಗಕ್ಕೆ ಫಿಸಿಯೋಥೆರಪಿಗೆ ಕರೆದೊಯ್ಯಬೇಕಿತ್ತು. ಹೋಗಿ ಬರಲು 120 ಕಿಲೋಮೀಟರ್. ಬಾಡಿಗೆ ಕಾರಿಗೆ 1,800. ನನ್ನ ಕಾರಿಗೆ ಪೆಟ್ರೋಲು ಸುಮಾರು 715. (ಮೈಲೇಜನ್ನು ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮತ್ತೆ ತುಂಬಿಸಿ ನೋಡಿದ್ದು. ಲೀಟರಿಗೆ 17.5 ಬಂತು.) ಒಂದು ಸಲಕ್ಕೆ 1,085 ಉಳಿಕೆ. ಜುಲೈ ಮಧ್ಯದಿಂದ ಸೆಪ್ಟೆಂಬರ್ 22ರ ತನಕ 20 ಸಲ ಹೋದೆವು. 21,700 ರೂಪಾಯಿ. ಕಾದಿದ್ದರೆ ಇದು ಬಾಡಿಗೆಗೆ ಹೋಗುತ್ತಿತ್ತು. ಉಳಿದಿದ್ದು 3,300 ರೂಪಾಯಿಯ ವ್ಯತ್ಯಾಸ. ಇದನ್ನು ಬರೆದ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಕೊನೆಗೆ ತಿಂಗಳ ಲೆಕ್ಕ. ಐದು ವರ್ಷ ಇಟ್ಟುಕೊಂಡು 1,50,000ಕ್ಕೆ ಮಾರುತ್ತೇನೆ ಅಂತ ಇಟ್ಟುಕೊಂಡೆ. 15 ವರ್ಷದ ಆರ್‌ಸಿ 2033ರ ತನಕ ಇರುವುದರಿಂದ ಆಗಲೂ ಕೊಳ್ಳುವವರಿಗೆ ಮೂರು ವರ್ಷ ಉಳಿದಿರುತ್ತದೆ. 3,73,100ರಲ್ಲಿ 1,50,000 ಕಳೆದು 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 3,718. ಹೊಸದು 6 ಲಕ್ಷಕ್ಕೆ ತಂದು 3,20,000ಕ್ಕೆ ಮಾರಿದರೆ ತಿಂಗಳಿಗೆ 4,667. ಜೊತೆಗೆ, ನನ್ನ ಹತ್ತಿರ ಇಲ್ಲದ ಸುಮಾರು 2,30,000ಕ್ಕೆ ಸಾಲ ಮಾಡಬೇಕಿತ್ತು. 9 ಪರ್ಸೆಂಟಿನಂತೆ ಐದು ವರ್ಷಕ್ಕೆ ಬಡ್ಡಿಯೇ 56,000 ದಾಟುತ್ತದೆ. ಕೈಯಲ್ಲಿ ದುಡ್ಡು ಇದ್ದವರಿಗೆ ಈಗ ಹೊಸದೇ ವಾಸಿ ಅಂತ ನಾನೂ ಒಪ್ಪುತ್ತೇನೆ. ನನಗೆ ಹಳೇದು ಗಿಟ್ಟಿತು.

ಪುಸ್ತಕದಲ್ಲಿ ಬರೆಯಲು ಆಗದ ಒಂದು ಇದೆ. ವ್ಯಾಗನ್ ಆರ್‌ನ ಸೀಟು ಎತ್ತರ. ಅಪ್ಪ ತಾವೇ ಬಾಗಿಲ ಅಂಚು ಹಿಡಿದು ಕೂರುತ್ತಾರೆ, ಯಾರೂ ಎತ್ತಬೇಕಿಲ್ಲ. ಬಾಡಿಗೆ ಕಾರಿನ ತಗ್ಗು ಸೀಟಿಗೆ ಇಬ್ಬರು ಹಿಡಿದು ಕೂರಿಸಬೇಕಿತ್ತು. ನಿಮ್ಮ ಮನೆಗೂ ಇಂಥದ್ದೊಂದು ಇರುತ್ತದೆ. ಲೆಕ್ಕದ ಕೆಳಗೆ ಅದನ್ನೂ ಒಂದು ಸಾಲು ಬರೆದಿಡಿ.

ನಿಮ್ಮ ಲೆಕ್ಕ ಕೆಟ್ಟದಾಗಿ ಬಂದರೆ ಎರಡು ದಾರಿ ನೋಡಿ. ಬರೀ ಬೆಲೆ ಜಾಸ್ತಿ ಆಗಿದ್ದರೆ ಅವಸರದಲ್ಲಿ ಮಾರಬೇಡಿ, ಎರಡನೇ ಸಲ ನಷ್ಟ ಆಗುತ್ತದೆ. ಇನ್ನೂ ಎರಡು ವರ್ಷ ಜಾಸ್ತಿ ಇಟ್ಟುಕೊಂಡರೆ ತಿಂಗಳ ಅಂಕಿ ತಾನೇ ಇಳಿಯುತ್ತದೆ. ಅಪಘಾತ, ಮೀಟರು, ಸಾಲ ಇಂಥದ್ದನ್ನು ಮುಚ್ಚಿಟ್ಟು ಮಾರಿದ್ದರೆ ಸುಮ್ನೆ ಇರಬೇಡಿ. ಮೆಕ್ಯಾನಿಕ್ ಹತ್ತಿರ ಬರವಣಿಗೆಯಲ್ಲಿ ವರದಿ ತಗೊಂಡು, ಫೋಟೋ ಸಮೇತ ಬರೆದು ಕೇಳಿ. ಮಾರಿದ್ದು ಡೀಲರ್ ಆಗಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು.

ದೀಪಾವಳಿಗೆ ಭಾವ ಬಂದಾಗ ಪುಸ್ತಕ ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. ಬಹಳ ಹೊತ್ತಾದ ಮೇಲೆ, "ಟೈರಿಗೆ ಸ್ವಲ್ಪ ಜಾಸ್ತಿ ಕೊಟ್ಟೆ ಕಣೇ" ಅಂದರು. ಅದು ಸರಿ. ಇನ್ನೆರಡು ಅಂಗಡಿಯಲ್ಲಿ ವಿಚಾರಿಸಬೇಕಿತ್ತು.