ಬಾಟಲಿ ತುಂಬಿತ್ತು, ರೇಡಿಯೇಟರ್ ಖಾಲಿಯಿತ್ತು

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಎಂಟನೆಯದನ್ನು ದಾಟಿದ್ದೆವೋ ಒಂಬತ್ತನೆಯದನ್ನೋ ನೆನಪಿಲ್ಲ. ಎಂಜಿನ್ ಮಿತಿಮೀರಿ ಬಿಸಿಯಾಗಿದೆ ಎನ್ನುವ ಕೆಂಪು ದೀಪ ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಂಡದ್ದು ಮಾತ್ರ ನೆನಪಿದೆ. ತೀರ್ಥಹಳ್ಳಿಯ ಮದುವೆಗೆ ಹೊರಟಿದ್ದೆವು. ಕಾರಿನಲ್ಲಿ ಐದು ಜನ, ಡಿಕ್ಕಿಯಲ್ಲಿ ಎರಡು ಹಲಸಿನಹಣ್ಣು, ಹೊರಗೆ ಏಪ್ರಿಲ್ ತಿಂಗಳ ಸೆಕೆ. ಎಲ್ಲೋ ಓದಿದ್ದು ನೆನಪಾಗಿ ಎ.ಸಿ. ಆರಿಸಿ ಹೀಟರನ್ನು ಪೂರ್ತಿ ತಿರುಗಿಸಿದೆ. ಎಂಜಿನ್ನಿನ ಬಿಸಿನೀರು ಹೀಟರಿನ ಪುಟ್ಟ ಜಾಲರಿಗೂ ಹರಿಯುವುದರಿಂದ ಒಂದಷ್ಟು ಶಾಖ ಆ ದಾರಿಯಲ್ಲಿ ಹೊರಗೆ ಹೋಗುತ್ತದೆ. ಹಿಂದಿನ ಸೀಟಿನವರು ಬೈಯುವುದನ್ನೇ ಕಾಯುತ್ತಿದ್ದೆ. ಯಾರೂ ಬೈಯಲಿಲ್ಲ. ಕಿಂಡಿಯಿಂದ ಬಂದದ್ದು ತಣ್ಣನೆಯ ಗಾಳಿ.

ಉತ್ತರ ಆ ಗಾಳಿಯಲ್ಲೇ ಇತ್ತು. ಅದು ನನಗೆ ಹೊಳೆಯಲು ಇನ್ನೂ ಮೂರು ವಾರ ಬೇಕಾಯಿತು.

ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದರೆ, ಎಂಜಿನ್ ತಣಿಸುವ ದ್ರವದ, ಅಂದರೆ ಕೂಲಂಟಿನ ಬಾಟಲಿ ಗಂಟಲವರೆಗೆ ತುಂಬಿ ನಿಂತಿದೆ. "ನೀರು ಭರ್ತಿ ಇದೆಯಲ್ಲ, ಮತ್ತೇಕೆ ಬಿಸಿ?" ಎಂದರು ಭಾವ. ನಾನೂ ಹಾಗೆಯೇ ಅಂದುಕೊಂಡೆ. ಪ್ರತಿ ಭಾನುವಾರ ಆ ಬಾಟಲಿಯನ್ನು ನೋಡಿ, "ಮ್ಯಾಕ್ಸ್" ಗೆರೆಯ ಮೇಲೇ ಇದೆ ಎಂದು ಸಮಾಧಾನ ಪಡುತ್ತಿದ್ದವನು ನಾನು. ಒಂದು ಗಂಟೆ ಕಾದು, ನಿಧಾನವಾಗಿ ಹತ್ತಿ, ಮದುವೆಯ ಊಟದ ಕೊನೆಯ ಪಂಕ್ತಿಗೆ ಹೇಗೋ ಮುಟ್ಟಿದೆವು.

ಉಡುಪಿಗೆ ಮರಳಿದ ಮೇಲೆ ಕಾರು ಗ್ಯಾರೇಜಿಗೆ ಹೋಯಿತು. ನೀರು ಬಿಸಿಯಾದಾಗ ತೆರೆದು, ಅದನ್ನು ತಣಿಸುವ ರೇಡಿಯೇಟರಿಗೆ ಬಿಡುವ ಕವಾಟವಾದ ಥರ್ಮೋಸ್ಟಾಟ್ ಬದಲಾಯಿಸಿ, ಬಾವಿನೀರು ತುಂಬಿ ಕೊಟ್ಟರು. ನಾಲ್ಕು ದಿನ ಸುಖ. ಐದನೆಯ ದಿನ ಮಣಿಪಾಲದ ಏರಿನಲ್ಲಿ ಮತ್ತೆ ಅದೇ ಕಥೆ. ಈ ಸಲ ರೇಡಿಯೇಟರಿನ ಮುಚ್ಚಳ ತೆಗೆದು, ನೀರು ಹಾಕಿ, ಎಂಜಿನ್ ಚಾಲೂ ಮಾಡಿ ತೋರಿಸಿದರು: ಒಳಗೆ ಗುಳ್ಳೆ ಏಳುತ್ತಿತ್ತು. "ಹೆಡ್ ಗ್ಯಾಸ್ಕೆಟ್ ಹೋಗಿದೆ. ಹೆಡ್ ಇಳಿಸಬೇಕು, 22,000 ಆಗಬಹುದು." ಅವರು ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ. ಗ್ಯಾಸ್ಕೆಟ್ ಎಂದರೆ ಎಂಜಿನ್ನಿಗೂ ಅದರ ಮೇಲ್ಭಾಗವಾದ ಹೆಡ್ಡಿಗೂ ನಡುವೆ ಸೋರದಂತೆ ಇಡುವ ತೆಳು ಹಾಳೆ; ಅದು ಒಡೆದರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗಿ ಗುಳ್ಳೆ ಏಳುವುದು ನಿಜ. ಆದರೆ ಹೊಸದಾಗಿ ನೀರು ತುಂಬಿದ ಯಾವ ಕಾರಿನಲ್ಲೂ ಸಿಕ್ಕಿಬಿದ್ದ ಗಾಳಿ ಹೊರಬರುವಾಗ ಗುಳ್ಳೆ ಏಳುತ್ತದೆ. ಎರಡನ್ನೂ ಬೇರ್ಪಡಿಸದೆ ಹೆಡ್ ಇಳಿಸಲು ಮನಸ್ಸು ಒಪ್ಪಲಿಲ್ಲ. ಕಾರನ್ನು ಮನೆಗೆ ತಂದೆ.

ಮೊದಲು ಮಾಡಿದ್ದು ಅಡುಗೆಮನೆಯ ಪ್ರಯೋಗ. ಗ್ಯಾರೇಜಿನವರು ಬಿಚ್ಚಿದ ಹಳೆಯ ಥರ್ಮೋಸ್ಟಾಟನ್ನು ಕೇಳಿ ಪಡೆದಿದ್ದೆ. ಅದರ ಅಂಚಿನಲ್ಲಿ 82 ಎಂದು ಅಚ್ಚಾಗಿತ್ತು. ಪಾತ್ರೆಯ ನೀರಿನಲ್ಲಿ ಅದನ್ನು ದಾರದಿಂದ ನೇತುಹಾಕಿ, ಪಕ್ಕದಲ್ಲಿ ಥರ್ಮಾಮೀಟರ್ ಇಳಿಬಿಟ್ಟು ಒಲೆ ಹಚ್ಚಿದೆ. 80 ಡಿಗ್ರಿ, ಮುಚ್ಚಿಯೇ ಇತ್ತು. 82, 83ಕ್ಕೆ ಬರುವಾಗ ನಡುವಿನ ತಟ್ಟೆ ಕೂದಲೆಳೆಯಷ್ಟು ಸರಿಯಿತು. ನೀರು ಕುದಿಯುವ ಮೊದಲೇ ಬೆರಳು ತೂರುವಷ್ಟು ತೆರೆಯಿತು. ಒಲೆ ಆರಿಸಿದರೆ ಮತ್ತೆ ಮುಚ್ಚಿಕೊಂಡಿತು. ಯಾವ ದೋಷವೂ ಇಲ್ಲದ ಭಾಗವನ್ನು ಬಿಚ್ಚಿ ಬಿಸಾಡಿದ್ದೆವು. ಪಾತ್ರೆಯನ್ನು ಇನ್ನು ಅಡುಗೆಗೆ ಬಳಸಬಾರದೆಂದು ಮನೆಯಲ್ಲಿ ತೀರ್ಪಾಯಿತು, ಅದು ನ್ಯಾಯವೇ.

ಸ್ಟೀರಿಂಗಿನ ಕೆಳಗೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡುವ ಅಗ್ಗದ ಸ್ಕ್ಯಾನರ್ ಒಂದನ್ನು ತರಿಸಿ, ಒಂದು ವಾರ ಕೂಲಂಟಿನ ತಾಪಮಾನ ಬರೆದಿಟ್ಟೆ. ಕಲ್ಸಂಕದ ಸಿಗ್ನಲ್ಲಿನಲ್ಲಿ ಎ.ಸಿ. ಹಾಕಿ ನಿಂತರೆ 97ಕ್ಕೆ ಫ್ಯಾನ್ ತಿರುಗಿ 92ಕ್ಕೆ ಇಳಿಯುತ್ತಿತ್ತು. ಹಾಗಾದರೆ ಫ್ಯಾನ್, ಅದರ ರಿಲೇ, ಸೆನ್ಸರ್ ಮೂರೂ ಸರಿ. ಫ್ಯಾನ್ ಕೆಟ್ಟ ಕಾರು ನಿಂತಲ್ಲಿ ಬಿಸಿಯಾಗುತ್ತದೆ, ಹೆದ್ದಾರಿಯಲ್ಲಿ ಎದುರುಗಾಳಿಗೆ ತಣ್ಣಗಾಗುತ್ತದೆ. ಕಾಪುವಿನವರೆಗೆ ಸಮತಟ್ಟಾದ ಹೆದ್ದಾರಿಯಲ್ಲಿ 88ರಿಂದ 90. ಮಣಿಪಾಲದ ಏರು ಹತ್ತುವಾಗ ಮಾತ್ರ 101, 103, 104. ಎಂಜಿನ್ ಹೆಚ್ಚು ದುಡಿದಾಗ ಹುಟ್ಟುವ ಶಾಖವನ್ನು ಹೊರಹಾಕುವಷ್ಟು ನೀರು ಹರಿಯುತ್ತಿಲ್ಲ ಎಂದಾಯಿತು. ರೇಡಿಯೇಟರ್ ಕಟ್ಟಿಕೊಂಡಿರಬೇಕು, ಪಂಪ್ ಸೋತಿರಬೇಕು, ಇಲ್ಲವೇ ನೀರೇ ಕಡಿಮೆ ಇರಬೇಕು. ಕೊನೆಯದನ್ನು ನಾನು ಹೊಡೆದುಹಾಕಿದ್ದೆ. ಬಾಟಲಿ ತುಂಬಿತ್ತಲ್ಲ!

ಗ್ಯಾಸ್ಕೆಟ್ಟಿನ ಸಂಶಯ ತೀರಿಸುವುದು ನನಗೆ ಸುಲಭವಿತ್ತು. ನನ್ನ ಉದ್ಯೋಗವೇ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ. ಈ ಪರೀಕ್ಷೆಗೆಂದೇ ಮಾರುವ ಉಪಕರಣದಲ್ಲಿರುವ ನೀಲಿ ದ್ರವ ಸಾಮಾನ್ಯವಾಗಿ ಬ್ರೋಮೋಥೈಮಾಲ್ ಬ್ಲೂ. ಇಂಗಾಲದ ಡೈಆಕ್ಸೈಡ್ ತಗಲಿದರೆ ಹಸಿರಾಗಿ, ಆಮೇಲೆ ಹಳದಿಯಾಗುತ್ತದೆ. ಒಂದು ಪ್ರನಾಳದಲ್ಲಿ ಸ್ವಲ್ಪ ತೆಗೆದುಕೊಂಡು ಮೊದಲು ಸ್ಟ್ರಾ ಹಾಕಿ ನನ್ನ ಉಸಿರನ್ನೇ ಊದಿದೆ. ನೋಡನೋಡುತ್ತಿದ್ದಂತೆ ಹಳದಿ. ಇನ್ನೊಂದರಲ್ಲಿ ಸೈಲೆನ್ಸರಿನ ಹೊಗೆ: ಅದೂ ಹಳದಿ. ಪರೀಕ್ಷೆ ನಂಬಬಹುದು ಎಂದು ಖಾತ್ರಿಯಾದ ಮೇಲೆ, ತಣ್ಣಗಿದ್ದ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು, ನೀರನ್ನು ಒಂದು ಅಂಗುಲ ಇಳಿಸಿ, ಚಾಲೂ ಮಾಡಿದೆ. ರೇಡಿಯೇಟರಿನ ಕುತ್ತಿಗೆಯ ಗಾಳಿಯನ್ನು ದೊಡ್ಡ ಸಿರಿಂಜಿನಿಂದ ಎಳೆದು ನೀಲಿ ದ್ರವದೊಳಗೆ ಬಿಡುತ್ತಾ ಹೋದೆ. ಹತ್ತು ಸಲ. ವೇಗ ಹೆಚ್ಚಿಸಿ ಮತ್ತೆ ಹತ್ತು ಸಲ. ನೀಲಿ ನೀಲಿಯಾಗಿಯೇ ಉಳಿಯಿತು. ಗುಳ್ಳೆಗಳೂ ಹತ್ತು ನಿಮಿಷದಲ್ಲಿ ನಿಂತವು. ಗ್ಯಾಸ್ಕೆಟ್ ಹೋಗಿದ್ದರೆ ಅವು ನಿಲ್ಲುತ್ತಿರಲಿಲ್ಲ. ಆಯಿಲ್ ಕಡ್ಡಿಯಲ್ಲೂ, ನೀರು ಸೇರಿದ ಆಯಿಲ್ ತೋರಿಸುವ, ಹಾಲು ಬೆರೆಸಿದ ಚಹಾದ ಬಣ್ಣವಿರಲಿಲ್ಲ. 22,000 ರೂಪಾಯಿ ಉಳಿಯಿತು.

ರೋಗ ಮಾತ್ರ ಸಿಕ್ಕಿರಲಿಲ್ಲ. ಸಿಕ್ಕಿದ್ದು ಮಾರನೆಯ ಬೆಳಗ್ಗೆ, ಕಾರು ಒರೆಸುವಾಗ. ಬಾನೆಟ್ ಎತ್ತಿದರೆ ರೇಡಿಯೇಟರಿನ ಮೇಲಿನ ರಬ್ಬರ್ ಕೊಳವೆ ಯಾರೋ ಕಾಲಿಟ್ಟು ತುಳಿದಂತೆ ಚಪ್ಪಟೆಯಾಗಿ ಬಿದ್ದಿತ್ತು. ಮುಚ್ಚಳವನ್ನು ಸ್ವಲ್ಪ ತಿರುಗಿಸಿದೆ. ಸುಯ್ ಎಂದು ಗಾಳಿ ಒಳಗೆ ಎಳೆದುಕೊಂಡಿತು, ಕೊಳವೆ ಉಬ್ಬಿ ದುಂಡಗಾಯಿತು. ಒಳಗೆ ಇಣುಕಿದರೆ ನೀರು ಕಾಣುತ್ತಲೇ ಇಲ್ಲ. ಪಕ್ಕದಲ್ಲಿ ಬಾಟಲಿ ತುಂಬಿ ತುಳುಕುತ್ತಿದೆ. ಅದರ ಬುಡದಿಂದ ಕೆಳಕ್ಕೆ ಹಸಿರು ಒಣಕಲು ಗೆರೆಯೂ ಇಳಿದಿದೆ. ಎಷ್ಟು ಭಾನುವಾರ ಅದನ್ನು ನೋಡಿಯೂ ನೋಡಿರಲಿಲ್ಲವೋ.

ರೇಡಿಯೇಟರಿನ ಮುಚ್ಚಳ ಕುಕ್ಕರಿನ ವೇಯ್ಟ್ ಇದ್ದಂತೆ ಎಂದು ಎಲ್ಲರೂ ಹೇಳುತ್ತಾರೆ. ನನ್ನದರ ಮೇಲೆ 0.9 ಎಂದಿತ್ತು, ಅಂದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ 0.9 ಬಾರ್ ಹೆಚ್ಚು. ಅಷ್ಟು ಒತ್ತಡದಲ್ಲಿ ಬರೀ ನೀರು ಕುದಿಯುವುದು 118ರ ಹತ್ತಿರ, ಅರ್ಧಕ್ಕರ್ಧ ಕೂಲಂಟ್ ಬೆರೆಸಿದ ನೀರು 125ರ ಮೇಲೆ. ಒತ್ತಡ ಇನ್ನೂ ಏರಿದರೆ ಮುಚ್ಚಳ ತೆರೆದು ಹೆಚ್ಚಿನ ನೀರನ್ನು ಬಾಟಲಿಗೆ ಬಿಡುತ್ತದೆ. ಕುಕ್ಕರಿನ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಮುಚ್ಚಳದ ನಡುವೆ ಉಗುರಿನಷ್ಟಗಲದ ಇನ್ನೊಂದು ಕವಾಟವಿದೆ. ರಾತ್ರಿ ಎಂಜಿನ್ ತಣಿದು ನೀರು ಕುಗ್ಗಿದಾಗ ಅದು ತೆರೆದು, ಹೊರಗೆ ಹೋದದ್ದನ್ನು ಬಾಟಲಿಯಿಂದ ಮರಳಿ ಎಳೆದುಕೊಳ್ಳಬೇಕು. ನನ್ನ ಮುಚ್ಚಳದಲ್ಲಿ ಅದು ಕಂದು ಕಿಲುಬು ಕಟ್ಟಿ ಅಂಟಿಹೋಗಿತ್ತು. ಉಗುರಿನಿಂದ ಎಳೆದರೂ ಅಲುಗಲಿಲ್ಲ. ಬಿಸಿಯಾದಾಗ ನೀರು ಹೊರಗೆ ಹೋಗುತ್ತಿತ್ತು, ತಣಿದಾಗ ಮರಳಿ ಬರುತ್ತಿರಲಿಲ್ಲ. ಬದಲಿಗೆ ಹಳೆಯ ಕ್ಲಿಪ್ಪುಗಳ ಸಂದಿನಿಂದ ಗಾಳಿ ಸೇರುತ್ತಿತ್ತು. ಗಾಳಿ ಸೇರಿದಷ್ಟೂ ನೀರು ಕಡಿಮೆ. ಆಗುಂಬೆಯಲ್ಲಿ ಹೀಟರಿನ ಜಾಲರಿಯೊಳಗೆ ಇದ್ದದ್ದೂ ಅದೇ ಗಾಳಿ. ಬಿಸಿನೀರು ಅಲ್ಲಿಗೆ ತಲುಪಿದ್ದರೆ ತಾನೇ ಬಿಸಿಗಾಳಿ ಬರುವುದು!

ಕಿಲುಬಿಗೆ ಕಾರಣ ಬಾವಿನೀರು ಎಂದು ನನ್ನ ಅಂದಾಜು. ಮುರಕಲ್ಲಿನ ನೆಲದ ನಮ್ಮ ಎಷ್ಟೋ ಬಾವಿಗಳ ನೀರು ಬಕೆಟ್ಟಿಗೇ ಕೆಂಪು ಕಲೆ ಹಿಡಿಸುತ್ತದೆ, ಹೊಳೆಯಂಚಿನವುಗಳಲ್ಲಿ ಬೇಸಿಗೆಗೆ ಉಪ್ಪೂ ಸೇರುತ್ತದೆ. ಅದನ್ನು ವರ್ಷಗಟ್ಟಲೆ ಎಂಜಿನ್ನಿಗೆ ಕುಡಿಸಿದವರಲ್ಲಿ ನಾನೂ ಒಬ್ಬ.

ಹೊಸ ಮುಚ್ಚಳಕ್ಕೆ 300 ರೂಪಾಯಿಯೂ ಆಗಲಿಲ್ಲ. ಅಂಗಡಿಯವರು 1.1ರದ್ದು ಇದೆ, ಇನ್ನೂ ಗಟ್ಟಿ ಎಂದರು, ಬೇಡವೆಂದೆ. ಹೆಚ್ಚಿದ ಒತ್ತಡವನ್ನು ಹಳೆಯ ಕೊಳವೆಗಳು ತಾಳಬೇಕಲ್ಲ. ಕ್ಲಿಪ್ಪುಗಳನ್ನೂ ಬದಲಾಯಿಸಿದೆ. ಹಳೆಯ ನೀರನ್ನು ಬಕೆಟ್ಟಿಗೆ ಇಳಿಸಿದೆ, ಚರಂಡಿಗೆ ಬಿಡಲಿಲ್ಲ; ಕೂಲಂಟಿನ ಎಥಿಲೀನ್ ಗ್ಲೈಕಾಲ್ ಸಿಹಿ, ನೆಕ್ಕಿದ ನಾಯಿ ಬೆಕ್ಕು ಬದುಕುವುದು ಕಷ್ಟ. ಡಿಸ್ಟಿಲ್ಡ್ ನೀರಿನಿಂದ ಮೂರು ಸಲ ತೊಳೆದು, ಅರ್ಧ ಕೂಲಂಟ್ ಅರ್ಧ ಡಿಸ್ಟಿಲ್ಡ್ ನೀರು ತುಂಬಿದೆ. ಅಂಗಳದ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿ, ತಣ್ಣಗಿರುವಾಗಲೇ ಮುಚ್ಚಳ ತೆಗೆದು ಚಾಲೂ ಮಾಡಿ, ಹೀಟರ್ ಹಾಕಿ, ಫ್ಯಾನ್ ತಿರುಗುವವರೆಗೂ ಗಾಳಿ ಹೊರಬಿಟ್ಟೆ. ಕೊನೆಯ ದೊಡ್ಡ ಗುಳ್ಳೆ ಬುಳಕ್ ಎಂದು ಎದ್ದಾಗ ನೀರು ಅರ್ಧ ಲೀಟರಿನಷ್ಟು ಇಳಿಯಿತು, ತುಂಬಿ ಮುಚ್ಚಿದೆ. ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಲು ಮಾತ್ರ ಎಂದೂ ಕೈ ಹಾಕಿದವನಲ್ಲ, ಕುದಿನೀರು ಮುಖಕ್ಕೇ ಹಾರುತ್ತದೆ.

ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಭಾವನನ್ನೇ ಕೂರಿಸಿಕೊಂಡು ಸೋಮೇಶ್ವರ ದಾಟಿ ಘಾಟಿ ಹತ್ತಿದೆ. ಮೊಬೈಲ್ ಅವರ ಕೈಯಲ್ಲಿ. ಅಂಕಿಗಳನ್ನು ಹರಾಜಿನಂತೆ ಕೂಗುತ್ತಿದ್ದರು. ತೊಂಬತ್ತೊಂದು. ತೊಂಬತ್ತಮೂರು. ಹತ್ತನೆಯ ತಿರುವಿನಲ್ಲಿ ತೊಂಬತ್ತಾರು, ಆಮೇಲೆ ಅಲ್ಲೇ ನಿಂತಿತು. ಒಮ್ಮೆ ಹೀಟರ್ ಹಾಕಿ ನೋಡಿದೆ. ಬೆಂಕಿಯಂಥ ಗಾಳಿ ಮುಖಕ್ಕೆ ರಾಚಿತು. "ಆರಿಸು ಮಾರಾಯ!" ಎಂದು ಅವರು ಬೈದರು.