ಮಳೆಗಾಲದ ಮಿಸ್ಸಿಂಗ್‌ಗೆ ಕತ್ತಲಿನ ಪರೀಕ್ಷೆ

ಕಾರ್ಬ್ಯುರೇಟರ್ ಇದ್ದ ಹಳೆಯ ಮಾರುತಿ 800ರಂತಹ ಕಾರು ತೇವದ ದಿನಗಳಲ್ಲಿ ಮಾತ್ರ ಮಿಸ್ಸಿಂಗ್ ಹೊಡೆಯುತ್ತಿದ್ದರೆ (ಅಂದರೆ ಆಗಾಗ ಪೆಟ್ರೋಲ್ ಹೊತ್ತಿಕೊಳ್ಳದೆ ಎಂಜಿನ್ ಮುಗ್ಗರಿಸುತ್ತಿದ್ದರೆ), ರಾತ್ರಿ ಬಯಲಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಓಡುತ್ತಿರುವ ಎಂಜಿನ್‌ನ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಒಯ್ಯುವ ವೈರ್‌ಗಳ ಮೇಲೆ ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿಯಿಂದ ನೀರನ್ನು ತೆಳುವಾಗಿ ಸಿಂಪಡಿಸಿ ನೋಡಿ. ಎಲ್ಲಿ ನೀಲಿ ಕಿಡಿ ಚಟಪಟನೆ ಹಾರಿ ಎಂಜಿನ್ ಮುಗ್ಗರಿಸುತ್ತದೆಯೋ ಅಲ್ಲಿಯೇ ದೋಷವಿದೆ. ವೈರ್‌ನ ರಬ್ಬರ್ ಹೊದಿಕೆ ವರ್ಷಗಳ ಶಾಖಕ್ಕೆ ಒಣಗಿ ಬಿರುಕು ಬಿಟ್ಟಿರುತ್ತದೆ. ಅದು ಒದ್ದೆಯಾದಾಗ, ಬ್ಯಾಟರಿಯ ವೋಲ್ಟೇಜ್ ಹೆಚ್ಚಿಸುವ ಕಾಯಿಲ್‌ನಿಂದ ಬರುವ ಸಾವಿರಾರು ವೋಲ್ಟ್ ವಿದ್ಯುತ್ತಿಗೆ ಪ್ಲಗ್‌ನ ಅಂತರವನ್ನು ದಾಟುವುದಕ್ಕಿಂತ ಆ ಬಿರುಕಿನಿಂದ ಪಕ್ಕದ ಲೋಹಕ್ಕೆ ಹಾರುವುದೇ ಸುಲಭವಾಗುತ್ತದೆ. ಇನ್ಸುಲೇಷನ್ ಟೇಪ್ ಸುತ್ತಿದರೆ ಮನೆ ಮುಟ್ಟುವಷ್ಟು ದೂರ ಓಡಬಹುದೇ ಹೊರತು ಅದು ಪರಿಹಾರವಲ್ಲ, ವೈರ್‌ಗಳ ಇಡೀ ಸೆಟ್ ಬದಲಿಸುವುದೇ ಲೇಸು. ಎಂಜಿನ್ ನಿಲ್ಲಿಸಿದ ಮೇಲೆ ಪ್ಲಗ್‌ಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಬಿಚ್ಚಿ ಒಳಗೂ ಟಾರ್ಚ್ ಹಾಕಿ ನೋಡಿ: ಪೆನ್ಸಿಲ್‌ನಿಂದ ಎಳೆದಂತಹ ಕಪ್ಪು ಗೆರೆ ಎರಡು ಲೋಹದ ತುದಿಗಳ ನಡುವೆ ಕಂಡರೆ, ಒರೆಸುತ್ತಾ ಕೂರದೆ ಕ್ಯಾಪ್ ಅನ್ನೇ ಬದಲಿಸಬೇಕು. ಬಿಸಿಲಿರಲಿ ಮಳೆಯಿರಲಿ ಒಂದೇ ಸಮನೆ ಮಿಸ್ಸಿಂಗ್ ಇದ್ದರೆ ಈ ಪರೀಕ್ಷೆಯಿಂದ ಏನೂ ತಿಳಿಯದಿರಬಹುದು. ಆಗ ಕೆಲಸ ಮಾಡದ ಸಿಲಿಂಡರ್‌ನ ಪ್ಲಗ್ ಅನ್ನು ಪಕ್ಕದ್ದಕ್ಕೆ ಅದಲುಬದಲು ಮಾಡಿ, ದೋಷವೂ ಅದರ ಜೊತೆಗೆ ಹೋದರೆ ಪ್ಲಗ್ ಕೆಟ್ಟಿದೆ, ಹೋಗದಿದ್ದರೆ ವೈರ್, ಕಂಪ್ರೆಷನ್ (ಸಿಲಿಂಡರ್‌ನೊಳಗಿನ ಒತ್ತಡ) ಮತ್ತು ವಾಲ್ವ್‌ಗಳ ಕಡೆಗೆ ಗಮನ ಹರಿಸಿ. ಪ್ರತಿ ಪ್ಲಗ್‌ನ ಮೇಲೆಯೇ ಕಾಯಿಲ್ ಕೂರುವ ಹೊಸ ಗಾಡಿಗಳಿಗೆ ಈ ನೀರಿನ ಪರೀಕ್ಷೆ ಸಲ್ಲದು. ಪೆಟ್ರೋಲ್ ವಾಸನೆ ಬರುತ್ತಿದ್ದರಂತೂ ಈ ಪ್ರಯೋಗ ಬೇಡವೇ ಬೇಡ, ಮತ್ತು ಎಂಜಿನ್ ಓಡುವಾಗ ವೈರ್‌ಗಳನ್ನು ಕೈಯಿಂದ ಮುಟ್ಟಬಾರದು.