ಮರೆವಿನ ಔಷಧ ಪ್ರಯೋಗ: ಅಮ್ಮನ ಜೊತೆ ಯಾರು ಹೋಗಬೇಕು?

ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯ ಆರಂಭದ ಹಂತಕ್ಕೆ ಹಲವು ದೇಶಗಳಲ್ಲಿ ಏಕಕಾಲಕ್ಕೆ ನಡೆಯುವ ಔಷಧ ಪ್ರಯೋಗಗಳಿಗೆ ಸಾಮಾನ್ಯವಾಗಿ ರೋಗಿಯೊಬ್ಬರನ್ನೇ ಸೇರಿಸಿಕೊಳ್ಳುವುದಿಲ್ಲ. ಅವರನ್ನು ಹತ್ತಿರದಿಂದ ಬಲ್ಲ ಜೊತೆಗಾರರೊಬ್ಬರೂ ಬೇಕು. 'ಯಾರಿಗೆ ರಜೆ ಇದೆಯೋ ಅವರು ಹೋಗಿ ಬರಲಿ' ಎಂದು ಮನೆಯವರು ಎಡವುವುದು ಇಲ್ಲೇ.

ಮೊದಲು, ಪ್ರಯೋಗದ ಸಿಟಿಆರ್‌ಐ (ಭಾರತದ ಔಷಧ ಪ್ರಯೋಗಗಳ ಸರ್ಕಾರಿ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಭಾರತದಲ್ಲಿ 2009ರಿಂದ ನೋಂದಣಿ ಕಡ್ಡಾಯ. ಸಂಖ್ಯೆ ಕೊಡಲು ತಡವರಿಸಿದರೆ ಎದ್ದು ಬನ್ನಿ.

ಎರಡನೆಯದು ಅಮ್ಮ ಈಗಾಗಲೇ ತೆಗೆದುಕೊಳ್ಳುವ ಔಷಧಿಗಳ ಪಟ್ಟಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲ ಸಾಲಿನಲ್ಲೇ ಬರೆಯಿರಿ. ಮಿದುಳಿನಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನ್ ತೆಗೆಯುವ ಔಷಧಗಳಿಂದ ಅಲ್ಲಿ ಊತ, ರಕ್ತಸ್ರಾವ ಆಗುವುದುಂಟು. ಜಾಹೀರಾತು ನೋಡಿ ತಂದ 'ನೆನಪಿನ ಶಕ್ತಿ'ಯ ಪುಡಿಯನ್ನೂ ಸೇರಿಸಿ. ಅದಕ್ಕೆ ಮತ್ತೆ ದುಡ್ಡು ಸುರಿಯಬೇಡಿ.

ಮೂರನೆಯದು ಜೊತೆಗಾರರ ಆಯ್ಕೆ. ಅಮ್ಮನ ದಿನಚರಿ ಕಣ್ಣಾರೆ ನೋಡುವವರೇ ಬರಬೇಕು. ಅಮೆರಿಕದಿಂದ ವಾರಕ್ಕೊಮ್ಮೆ ವಿಡಿಯೊ ಕರೆ ಮಾಡುವ ಹಿರಿಮಗನಿಗಿಂತ ಒಂದೇ ಅಡುಗೆಮನೆಯಲ್ಲಿ ಓಡಾಡುವ ಸೊಸೆ ಮೇಲು.

ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ಅಂಕ ಕೊಟ್ಟು ಅಳೆಯುವ ಸಿಡಿಆರ್ ಎಂಬ ಸಂದರ್ಶನದಲ್ಲಿ ಜೊತೆಗಾರರನ್ನು ಬೇರೆಯಾಗಿ ಕೂರಿಸಿ, ಇತ್ತೀಚಿನ ಒಂದು ಘಟನೆ ಹೇಳಿ ಎನ್ನುತ್ತಾರೆ. ಭಾನುವಾರದ ನಾಮಕರಣಕ್ಕೆ ಯಾರು ಬಂದಿದ್ದರು, ಎಷ್ಟು ಹೊತ್ತಿಗೆ ಮುಗಿಯಿತು, ಹೀಗೆ. ಆಮೇಲೆ ಅದನ್ನೇ ಅಮ್ಮನಿಗೆ ಕೇಳಿ ತಾಳೆ ನೋಡುತ್ತಾರೆ. ಹೊರಗೆ ಬೆಂಚಿನ ಮೇಲೆ 'ಅಮ್ಮಾ, ನಾಮಕರಣ ಕೇಳಿದರೆ ಹೀಗೆ ಹೇಳು' ಎಂದು ಪಾಠ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಯೂಟ್ಯೂಬ್ ನೋಡಿ ನೆನಪಿನ ಪರೀಕ್ಷೆಯ ಅಭ್ಯಾಸವೂ ಬೇಡ.

ಇಷ್ಟು ಬಿಗಿ ಏಕೆ? ಅಮಿಲಾಯ್ಡ್ ತೆಗೆಯುವ ಲೆಕಾನೆಮ್ಯಾಬ್ ಔಷಧದ ಪ್ರಯೋಗದಲ್ಲಿ ಉತ್ತರ ಅಮೆರಿಕ, ಯುರೋಪ್, ಏಷ್ಯಾದ 1,795 ಮಂದಿ ಇದ್ದರು. ಹದಿನೆಂಟು ತಿಂಗಳ ಬಳಿಕ, ಸಿಡಿಆರ್‌ನ 18 ಅಂಕಗಳ ಅಳತೆಯಲ್ಲಿ ಔಷಧ ಪಡೆದವರಿಗೂ ಪಡೆಯದವರಿಗೂ ಕಂಡ ಅಂತರ 0.45. ಅರ್ಧ ಅಂಕವೂ ಇಲ್ಲ! ಇದೇ ಅಳತೆಯಲ್ಲಿ 'ಹಣಕಾಸು ನೋಡಿಕೊಳ್ಳುತ್ತಾರಾ?' ಎಂಬುದಕ್ಕೆ ಸಂಕೋಚದಿಂದ 'ಓಹೋ' ಎಂದುಬಿಟ್ಟರೂ ಅರ್ಧ ಅಂಕ ಆಚೀಚೆ ಆದೀತು. ಎಲ್ಲ ದೇಶಗಳಲ್ಲೂ ಮನೆಯವರು ಮರ್ಯಾದೆಗೆ ಅಂಜಿ ಹೀಗೆ ಮುಚ್ಚಿಟ್ಟರೆ, ಕೆಲಸ ಮಾಡುವ ಔಷಧವೂ ಕೆಲಸಕ್ಕೆ ಬಾರದಂತೆ ಕಾಣಬಹುದು.

ಅದಕ್ಕೇ ಒಂದು ನೋಟ್‌ಬುಕ್ ಇಡಿ. ಮೊಬೈಲ್ ಬೇಡ, ಕಾಗದವೇ ಇರಲಿ. 'ಮರೆಯುತ್ತಾರೆ' ಎಂದಷ್ಟೇ ಬರೆದರೆ ಸಾಲದು. 'ಮಂಗಳವಾರ ಹಾಲಿನವನಿಗೆ ಎರಡು ಸಲ ದುಡ್ಡು ಕೊಟ್ಟರು' ಎಂದು ಬರೆಯಿರಿ. ಮೊದಲ ಭೇಟಿಗೆ ಹೋದವರೇ ಕೊನೆಯವರೆಗೂ ಹೋಗಲಿ. ನಡುವೆ ಜೊತೆಗಾರರು ಬದಲಾದರೆ ಅಮ್ಮ ಹಾಗೆಯೇ ಇದ್ದರೂ ಅಂಕ ಜಿಗಿಯಬಹುದು.

ಇನ್ನು ಒಪ್ಪಿಗೆ ಪತ್ರ. ಕನ್ನಡದ ಪ್ರತಿ ಮನೆಗೆ ತಂದು ಓದಿ. ಸಿಗುವುದು ಔಷಧವಿಲ್ಲದ ದ್ರವವೂ ಆಗಿರಬಹುದೆಂದು ಅಮ್ಮನಿಗೆ ಬಿಡಿಸಿ ಹೇಳಿ, ಆಮೇಲೆ ಸಹಿ.

ಇನ್‌ಫ್ಯೂಷನ್ (ರಕ್ತನಾಳದ ಮೂಲಕ ಔಷಧ ಹನಿಸುವುದು) ಶುರುವಾದ ಮೇಲೆ ಹೊಸದಾಗಿ ತಲೆನೋವು, ಗೊಂದಲ, ಕಣ್ಣು ಮಂಜಾಗುವುದು ಕಂಡರೆ ಮುಂದಿನ ಭೇಟಿಗೆ ಕಾಯದೆ ಅಂದೇ ಕೇಂದ್ರಕ್ಕೆ ಫೋನ್ ಮಾಡಿ.